ಹೆಗಲ ಮ್ಯಾಲಿನ ಪೈಪು

ನನ್ನ ನೋಡಾಕ ಬಂದ ಹುಡುಗ ಮಿರಜ ಹತ್ರದ ಬೇಡಗ ಊರಾಂವ, ಮಿಲಿಟರಿಯೊಳಗಿದ್ದ. 'ತೊ ಸ್ಟೋರ್‌ಮಧ್ಯೇ ಆಹೆ', ಸ್ಟೋರಿನಾಗ ಬರೇ ಸಾಮಾನು ನೋಡ್ಕೊಂತಾನ ಅಂತ ನಮ್ಮ ಕಾಕಾ ಅಪ್ಪನ ಮುಂದ ಚಂದಾಗಿ ಸುಳ್ಳು ಬಿಟ್ಟಿದ್ದರು. ಜೈನರ ಮನಿ ನಮ್ಮದು. ಅವಲಕ್ಕಿ ಪೋಹೆಯೊಳಗ ಕಾಂದಾ, ಅಂದ್ರ ಉಳ್ಳಾಗಡ್ಡಿ ಸುದ್ದಾ ಹಾಕತಿದ್ದಿಲ್ಲ. ಇರುವಿ ಸಾಲು ಕಂಡರ ಅಪ್ಪ ದಾಟಿ ಕಾಲಿಡ್ತಿದ್ದರು. ಖರೇ ಹೇಳಿದ್ದರ ಮಾತುಕತಿನ ಶುರು ಆಗ್ತಿದ್ದಿಲ್ಲ.

ತಲಿ ತಗ್ಗಿಸಿ ಕೂಡೋ ಪೈಕಿ ನಾನಲ್ಲ. ಹುಡುಗನ್ನ ನೆಟ್ಟಗ ನೋಡಿದೆ, ಮನಸಿಗೆ ಬಂದ. ಮಾಡ್ಕೊಂಡರ ಇವನ್ನ ಅಂತ ಅಲ್ಲೇ ಗಟ್ಟಿ ಮಾಡಿಕೊಂಡೆ.

ಸಾಂಗಲಿಯೊಳಗ ಅಪ್ಪನ ಪೈಪಿನ ಅಂಗಡಿ ಆಗ ಭರಾಟೆಯಿಂದ ನಡೆದಿತ್ತು. ಹೊಸ ಹೊಸ ಕಂಪನಿ ಮಾಲು ಬರಾಕ ಹತ್ತಿತ್ತು, ಮಿರಜ ಕಡೆಯ ದ್ರಾಕ್ಷಿ ತ್ವಾಟದವರು ಟೆಂಪೋ ತುಂಬಿಸಿ ಒಯ್ತಿದ್ದರು. ಅಂಗಡಿ ಹಿಂದನ ಮನಿ. ಪೋಹೆ ತಿಂದಾದ ಮ್ಯಾಲೆ ಅಪ್ಪ ಕೇಳಿದರು, 'ನಿಮ್ಮ ಸ್ಟೋರಿನಾಗ ಏನೇನು ಇರ್ತಾವ್ರಿ?'

'ನಾ ಸ್ಟೋರಿನಾಗ ಇಲ್ರಿ,' ಅಂದ ಹುಡುಗ. ಕಾಕಾನ ಮುಖ ಸುಟ್ಟ ಬದನೆಕಾಯಿ ಆತು.

'ಹೆಗಲ ಮ್ಯಾಲಿಟ್ಟು ವಿಮಾನಕ್ಕ ಹೊಡಿಯೋ ಕ್ಷಿಪಣಿ ನನ್ನ ಕೆಲಸರಿ.' ಮೂಲ್ಯಾಗಿದ್ದ ಪೈಪಿನ ತುಂಡು ಹೆಗಲಿಗೇರಿಸಿ, ಅಂಗಳದಾಗ ನಿಂತು ಆಕಾಶಕ್ಕ ಗುರಿ ಹಿಡಿದು ತೋರಿಸಿದ. ವಿಮಾನದ ಎಂಜಿನ್ ಕಾವು ಸಿಕ್ಕ ಕೂಡಲೇ ಅದು ಗುಂಯ್ ಅಂತ ಸಪ್ಪಳ ಮಾಡ್ತದಂತ. 'ಆದ್ರ ಕಾವು ನಮ್ಮ ವಿಮಾನಕ್ಕೂ ಇರ್ತದಲ್ರಿ. ಯಾರದು ಅಂತ ಖಾತ್ರಿ ಆಗೂತನಕ ಬೆರಳು ಒತ್ತಂಗಿಲ್ಲ. ಕಾಯೂದ ಹೆಚ್ಚು.'

'ಯಾರನ್ನರ ಕೊಂದೀರೇನು?' ಅಪ್ಪ ಕೇಳಿದರು.

'ಇಲ್ರಿ, ಪ್ರಸಂಗ ಬಂದಿಲ್ಲ. ಬಂದ್ರ ಒತ್ತತೀನಿ. ನನ್ನ ಹಿಂದ ಕಣಿವಿಯೊಳಗ ನಮ್ಮ ಹುಡುಗೂರು ಇರ್ತಾರ.'

'ನೌಕರಿ ಬಿಟ್ಟು ಬರ್ರಿ. ಈ ಅಂಗಡಿ ನೋಡ್ಕೊಳ್ರಿ.'

'ಆಗಂಗಿಲ್ರಿ.'

ಅಪ್ಪ ಎದ್ದು ಕೈ ಮುಗಿದರು. ಇನ್ನ ಹೋಗಿ ಬರ್ರಿ ಅಂತ ಅದರ ಅರ್ಥ. ನನಗ ಸಿಟ್ಟು ನೆತ್ತಿಗೇರಿತು.

'ಅಪ್ಪಾ, ಹೊಲ ಉಳುವಾಗ ಹುಳ ಸಾಯ್ತಾವ, ಸಂಸಾರಸ್ಥರಿಗೆ ಅದು ತಪ್ಪಿದ್ದಲ್ಲ ಅಂತ ನೀವ ಹೇಳ್ತೀರಿ. ಮೈಮ್ಯಾಲೆ ಬಂದವರನ್ನ ತಡಿಯೂದೂ ಸಂಸಾರಸ್ಥರಿಗೆ ತಪ್ಪಿದ್ದಲ್ಲ ಅಂತ ಬಸದಿಯೊಳಗ ಕೂಡೇ ಕೇಳೇವಿ. ಹೆಣ್ಣು ಕೈತಪ್ಪತದ ಅಂತ ಗೊತ್ತಿದ್ದೂ ಇವರು ಖರೇ ಹೇಳ್ಯಾರ. ಇವರನ್ನ ಬಿಟ್ಟು ಇನ್ನ್ಯಾರಿಗೆ ಕೊಡಾವ್ರು ನನ್ನ?'

ಕಾಕಾ ಸುಮ್ಮನಿರು ಅಂತ ಕಣ್ಣು ಮಾಡಿದರು. ನಾನು ಆ ಕಡೆ ನೋಡಲಿಲ್ಲ.

ಅಪ್ಪ ನನ್ನ ಕಡೆ ತಿರುಗಿದರು. 'ಅವರು ಗಡಿ ಗುಡ್ಡದಾಗ ಕ್ಷಿಪಣಿ ಮ್ಯಾಲೆ ಬೆರಳಿಟ್ಟು ನಿಂತಾಗ ನಿನಗ ಇಲ್ಲಿ ನಿದ್ದಿ ಹತ್ತತದೇನವಾ?'

'ಹತ್ತಂಗಿಲ್ಲ. ಆದ್ರೂ ಇವರನ್ನ ಮಾಡ್ಕೊಂತೀನಿ.'

'ನನಗೂ ಹತ್ತಂಗಿಲ್ಲ,' ಅಂದರು ಅಪ್ಪ. 'ಕೂಡೇ ಎಚ್ಚರ ಇರೂಣ ತಗೋ.' ಹಂಗ ನನ್ನ ಲಗ್ನ ನಿಕ್ಕಿ ಆತು.