ಹಲಸಿನ ಹಣ್ಣಿನ ಹುಟ್ಟಿದಹಬ್ಬ

ನಾನು ಚಿಕ್ಕವನಿದ್ದಾಗ ನನಗೆ ಹುಟ್ಟಿದಹಬ್ಬ ಅನ್ನುವುದೇ ಇರಲಿಲ್ಲ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಹುಟ್ಟಿದ್ದೆನಲ್ಲ, ಮನೆಯವರಿಗೆ ಅಷ್ಟು ಸಾಕಾಗಿತ್ತು. ಯಾವ ದಿನ, ಯಾವ ತಾರೀಕು ಎಂದು ಯಾರೂ ಬರೆದಿಟ್ಟಿರಲಿಲ್ಲ. ಅಮ್ಮನನ್ನು ಕೇಳಿದರೆ, "ಅವರೆಕಾಯಿ ಕಾಲ ಕಣ್ಲಾ. ಕಾಯಿ ಬಿಡಿಸ್ತಾ ಕೂತಿದ್ದೆ, ನೋವು ಬಂತು" ಎನ್ನುತ್ತಿದ್ದಳು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ ಹುಟ್ಟಿದ್ದು ರಾಗಿ ಕೊಯ್ಲಿನಲ್ಲಂತೆ. ನಮ್ಮ ಮನೆಯ ಕ್ಯಾಲೆಂಡರ್ ಇಷ್ಟೇ.

ನಮ್ಮದು ಯಡಿಯೂರು ಕೆರೆಯ ಆಚೆಗಿದ್ದ ಹೆಂಚಿನ ಮನೆ. ಅಪ್ಪನ ಹೊಲದ ಬಹುಪಾಲು ಜಯನಗರದ ಬಡಾವಣೆಗೆ ಸೇರಿಹೋಗಿತ್ತು. ಉಳಿದದ್ದು ಮನೆ, ಬಾವಿ, ಬಾವಿಯ ಪಕ್ಕದ ಹಲಸಿನ ಮರ, ಮತ್ತೆ ಒಂದಷ್ಟು ಸೊಪ್ಪಿನ ಮಡಿಗಳು. ಬೆಳಿಗ್ಗೆ ಎದ್ದರೆ ಮನೆಯೆಲ್ಲ ಸಬ್ಬಸಿಗೆ, ಕೊತ್ತಂಬರಿಯ ವಾಸನೆ. ಅಮ್ಮ ಮತ್ತು ಅಕ್ಕ ಸೊಪ್ಪು ಕಿತ್ತು ಕಟ್ಟು ಕಟ್ಟುತ್ತಿದ್ದರು, ಅಪ್ಪ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಹೋಗುತ್ತಿದ್ದ. ಹೊಲವಿದ್ದ ಜಾಗದಲ್ಲಿ ಈಗ ಹಸಿ ಸಿಮೆಂಟಿನ ವಾಸನೆಯ ಹೊಸ ಹೊಸ ಮನೆಗಳು, ಗೇಟುಗಳು. ಆ ಮನೆಗಳ ಮಕ್ಕಳು ನನ್ನ ಜೊತೆ ನಾಲ್ಕನೇ ಕ್ಲಾಸಿನಲ್ಲಿ ಓದುತ್ತಿದ್ದರು.

ಅವರಲ್ಲಿ ಒಬ್ಬನನ್ನು ನಾವು ಬಂಗಲೆ ಹುಡುಗ ಎಂದೇ ಕರೆಯುತ್ತಿದ್ದೆವು. ಅವನ ಹುಟ್ಟಿದಹಬ್ಬಕ್ಕೆ ಇಡೀ ಕ್ಲಾಸಿಗೆ ಕರೆ ಬಂದಿತ್ತು. ಬಲೂನು, ಬಣ್ಣದ ಕಾಗದ, ಮೇಜಿನ ಮೇಲೆ ಬಿಳೀ ಕೇಕು. ನಾನು ಕೇಕು ನೋಡಿದ್ದು ಅದೇ ಮೊದಲು. ಕೈಗೆ ಒಂದು ತುಂಡು ಸಿಕ್ಕಿತು, ಬಾಯಿಗಿಟ್ಟರೆ ಕರಗಿಯೇ ಹೋಯಿತು. ಆ ವಾಸನೆ ಮೂರು ದಿನ ನನ್ನ ಬೆರಳಲ್ಲಿತ್ತು. ಇತ್ತೋ ಇಲ್ಲವೋ, ನಾನಂತೂ ಮೂಸುತ್ತಲೇ ಇದ್ದೆ. ಅಕ್ಕನಿಗೆ ಎಲ್ಲವನ್ನೂ ವರದಿ ಮಾಡಿದೆ. ಅವಳು ಸೊಪ್ಪಿನ ಕಟ್ಟಿಗೆ ಬಾಳೆನಾರು ಸುತ್ತುತ್ತಾ, "ಎಷ್ಟೆತ್ರ ಇತ್ತು? ಮೇಲೆ ಏನ್ ಬರ್ದಿದ್ರು?" ಎಂದು ಕೇಳಿದಳು. ಅವನ ಹೆಸರು ಬರೆದಿದ್ದರು ಎಂದೆ. ಅವಳಿಗೆ ಕೇಕಿಗಿಂತ ಅದೇ ದೊಡ್ಡ ಆಶ್ಚರ್ಯವಾಯಿತು.

ಅದಾದ ಮುಂದಿನ ತಿಂಗಳು, ಜುಲೈನಲ್ಲಿ, ಮೇಷ್ಟ್ರು ಹಾಜರಿ ಪುಸ್ತಕ ತೆರೆದು ನಮ್ಮ ಹುಟ್ಟಿದ ತಾರೀಕುಗಳನ್ನು ಬೇರೊಂದು ಹಾಳೆಗೆ ಬರೆದುಕೊಳ್ಳುತ್ತಿದ್ದರು. ನನ್ನ ಹೆಸರು ಬಂದಾಗ ತಲೆ ಎತ್ತಿ, "ಏನೋ, ಬರೋ ಶನಿವಾರ ನಿಂದು ಹುಟ್ಟಿದಹಬ್ಬ" ಎಂದರು. ಇಡೀ ಕ್ಲಾಸು ತಿರುಗಿ ನನ್ನನ್ನು ನೋಡಿತು. ನನಗೂ ಒಂದು ಹುಟ್ಟಿದಹಬ್ಬ ಇದೆ! ಎದೆ ಉಬ್ಬಿಹೋಯಿತು. ಬಂಗಲೆ ಹುಡುಗ, "ನಿಮ್ಮನೇಲೂ ಕೇಕ್ ಕಟ್ ಮಾಡ್ತೀರಾ?" ಎಂದು ಕೇಳಿದ. ಅವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಮಾಡ್ತೀವಿ. ಎಲ್ಲರೂ ಬನ್ನಿ" ಎಂದುಬಿಟ್ಟೆ. ಹನ್ನೊಂದು ಜನ ಬರುತ್ತೇವೆ ಎಂದರು.

ಕೆರೆ ಏರಿಯ ಮೇಲೆ ಮನೆಗೆ ನಡೆದು ಬರುವಾಗ ಎದೆ ಇಳಿಯತೊಡಗಿತು. ಮನೆ ಮುಟ್ಟುವಷ್ಟರಲ್ಲಿ ಪೂರಾ ಇಳಿದಿತ್ತು.

ವಿಷಯ ಕೇಳಿ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಷಾಢದಾಗೆ ಎಲ್ಲೈತ್ಲಾ ಅವರೆಕಾಯಿ? ಯಾರ್ ಹೇಳಿದ್ದು ನಿಂಗೆ?" ರಿಜಿಸ್ಟರಿನಲ್ಲಿದೆ ಎಂದೆ. ಹಾಗಾದರೆ ರಿಜಿಸ್ಟರ್ ತಪ್ಪು ಎಂದಳು. ಆಗ ನನಗೆ ಅಳು ಬಂತು. ತಾರೀಕೂ ಸುಳ್ಳು, ಕೇಕೂ ಸುಳ್ಳು. ಬಂದ ಹುಡುಗರ ಮುಂದೆ ಗುಟ್ಟು ರಟ್ಟಾದರೆ ಆಮೇಲೆ ಯಾವ ಮುಖ ಹೊತ್ತು ಸ್ಕೂಲಿಗೆ ಹೋಗುವುದು? ಅಪ್ಪ ಬಾವಿಯ ಹತ್ತಿರ ಕಾಲಿನ ಕೆಸರು ತೊಳೆಯುತ್ತಿದ್ದ. ನಗಲೂ ಇಲ್ಲ, ಬೈಯಲೂ ಇಲ್ಲ. "ಶನಿವಾರ ಅಂದ್ರಾ?" ಎಂದು ಕೇಳಿದ. ನಾನು ತಲೆಯಾಡಿಸಿದೆ.

"ಬರ್ಲಿ ಬಿಡು. ಕರೆದ್ ಮೇಲೆ ಆಯ್ತು. ಅದ್ಯಾವ ದಿನಾಂತ ನಂಗೊತ್ತೈತೆ."

"ಕೇಕು?" ಎಂದೆ.

"ಕುಯ್ಯಕ್ಕೆ ಒಂದು ಬೇಕು, ಅಷ್ಟೇ ತಾನೇ? ಕುಯ್ಯಾನ." ಹಾಗೆಂದು ಅಪ್ಪ ಹಲಸಿನ ಮರದ ತುದಿಯನ್ನು ನೋಡಿದ.

ಆ ವರ್ಷದ ಕೊನೆಯ ಹಣ್ಣು ಅಲ್ಲಿತ್ತು. ಇನ್ನೂ ಕಾಯಿ ಅನ್ನಿ. ಅಪ್ಪ ಅದನ್ನು ಹಗ್ಗ ಕಟ್ಟಿ ಇಳಿಸಿ, ಅಡುಗೆಮನೆಯ ಮೂಲೆಯಲ್ಲಿ ಹುಲ್ಲು ಹಾಸಿ ಮಲಗಿಸಿ, ಮೇಲೆ ಗೋಣಿಚೀಲ ಹೊದಿಸಿದ. ಅಂಗಡಿಯಿಂದ ಏನೂ ತರುವುದು ಬೇಡ, ಮನೆಯಲ್ಲಿ ಇರುವುದರಲ್ಲೇ ಆಗಬೇಕು ಎಂದು ಅಮ್ಮ ಮೊದಲೇ ಹೇಳಿಬಿಟ್ಟಳು. ತಂಬಿಟ್ಟು ಮಾಡುತ್ತೇನೆ, ಮಡಿಯಂಚಿನ ಮುಸುಕಿನ ಜೋಳ ಬೇಯಿಸುತ್ತೇನೆ, ಬೆಲ್ಲ ನಿಂಬೆಹಣ್ಣಿನ ಪಾನಕ ಮಾಡುತ್ತೇನೆ ಎಂದಳು. ಉಳಿದ ಯಜಮಾನಿಕೆ ಎಲ್ಲ ಅಕ್ಕನದು. ಬಲೂನಿಗೆ ಬದಲಾಗಿ ತೆಂಗಿನ ಗರಿಯಲ್ಲಿ ಗಿರಗಿಟ್ಲೆ ಮಾಡಿದಳು, ಪೀಪಿ ಮಾಡಿದಳು. ಬರುವ ಒಬ್ಬೊಬ್ಬರಿಗೂ ಕೈಗೆ ಕಟ್ಟಲು ಗರಿಯ ವಾಚು ಹೆಣೆದಳು. ನನ್ನನ್ನು ಎದುರಿಗೆ ಕೂರಿಸಿಕೊಂಡು ನನ್ನ ಮಣಿಕಟ್ಟಿನ ಅಳತೆಗೆ ಹೆಣೆಯುತ್ತಿದ್ದಳು. ಕೈ ಅಲ್ಲಾಡಿಸಿದರೆ ತಲೆಗೆ ಒಂದು ಬೀಳುತ್ತಿತ್ತು.

ನನಗೆ ಹಲಸಿನದೇ ಚಿಂತೆ. ದಿನಾ ಗೋಣಿ ಎತ್ತಿ ತಟ್ಟಿ ನೋಡುತ್ತಿದ್ದೆ. ಗುರುವಾರ ಟಕ್ ಟಕ್ ಎಂದು ಕಲ್ಲಿನ ಹಾಗೆ ಸದ್ದು. ಶುಕ್ರವಾರವೂ ಅಷ್ಟೆ. "ನೀನು ಮೂಸ್ತಾ ಕೂತ್ರೆ ಹಣ್ಣಾಗಕಿಲ್ಲ ಕಣ್ಲಾ, ಅದರ ಪಾಡಿಗೆ ಅದನ್ನ ಬಿಡು" ಎಂದು ಅಪ್ಪ ಗದರಿದ. ಶನಿವಾರ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಮೂಗಿಗೆ ಗೊತ್ತಾಯಿತು. ಮನೆ ತುಂಬ ಹಲಸಿನ ಘಮ. ಕೊತ್ತಂಬರಿ, ಸಬ್ಬಸಿಗೆ ಎಲ್ಲವೂ ಅದರ ಮುಂದೆ ಸೋತುಹೋಗಿದ್ದವು. ಓಡಿಹೋಗಿ ಒತ್ತಿದೆ, ಬೆರಳು ಒಳಗೆ ಹೋಯಿತು.

ಶನಿವಾರ ಬೆಳಗಿನ ಸ್ಕೂಲು. ಮಧ್ಯಾಹ್ನ ಹನ್ನೊಂದೂ ಜನ ಸಾಲಾಗಿ ಕೆರೆ ಏರಿಯ ಮೇಲೆ ಬಂದರು. ಸಣ್ಣಗೆ ಮಳೆ ಹನಿಯುತ್ತಿತ್ತು. ಅಂಗಳದಲ್ಲಿ ರಂಗೋಲಿ ನಿಲ್ಲುವುದಿಲ್ಲ ಎಂದು ಅಕ್ಕ ಜಗುಲಿಯನ್ನು ಸಾರಿಸಿ, ಅಲ್ಲಿ ನನ್ನ ಹೆಸರನ್ನು ಗೇಣುದ್ದದ ಅಕ್ಷರಗಳಲ್ಲಿ ರಂಗೋಲಿಯಲ್ಲಿ ಬರೆದಿದ್ದಳು. ಕೇಕಿನ ಮೇಲೆ ಹೆಸರಿದ್ದ ವಿಷಯ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಸುತ್ತ ಕನಕಾಂಬರದ ಅಂಚು. ಬಂದವರೆಲ್ಲ ಅದನ್ನು ತುಳಿಯದೆ ಗೋಡೆಗೆ ಒತ್ತಿಕೊಂಡು ಒಳಗೆ ಬಂದರು.

ಬಂಗಲೆ ಹುಡುಗ ಸುತ್ತಲೂ ನೋಡಿ, "ಕೇಕ್ ಎಲ್ಲಿ?" ಎಂದ. ಅಪ್ಪ ಹಲಸಿನ ಹಣ್ಣನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬಾಳೆಲೆಯ ಮೇಲೆ ಇಟ್ಟ. "ಇದೇ ಕಣಪ್ಪ ನಮ್ಮನೆ ಕೇಕು. ಮೇಲೆ ಮುಳ್ಳು, ಒಳಗೆ ಸಕ್ಕರೆ" ಎಂದ. ನಾನು ಯಾರ ಮುಖವನ್ನೂ ನೋಡಲಿಲ್ಲ. ಅಮ್ಮ ಪಕ್ಕದಲ್ಲಿ ಒಂದು ದೀಪ ಹಚ್ಚಿಟ್ಟಳು. ಊದಬೇಕಾ ಎಂದು ಒಬ್ಬ ಕೇಳಿದ್ದಕ್ಕೆ, "ನಮ್ಮನೇಲಿ ದೀಪ ಹಚ್ಚೋದಷ್ಟೇ ಮಗ, ಆರ್ಸಲ್ಲ" ಎಂದಳು. ಅಪ್ಪ ಕತ್ತಿಗೆ ಎಣ್ಣೆ ಸವರಿ, ನನ್ನ ಕೈಯಲ್ಲಿ ಕೊಟ್ಟು, ನನ್ನ ಕೈಯ ಮೇಲೆ ತನ್ನ ಒರಟು ಕೈ ಇಟ್ಟು ಒತ್ತಿದ. ಹಣ್ಣು ಎರಡು ಹೋಳಾಗಿ ಬಿತ್ತು.

ಒಳಗೆ ಬಂಗಾರದ ಬಣ್ಣ. ಘಮ ಮುಖಕ್ಕೆ ಹೊಡೆಯಿತು. ಆಮೇಲೆ ಕೇಳಬೇಕೇ? ಕೈಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಅಮ್ಮ ಹೇಳುವಷ್ಟರಲ್ಲಿ ಹನ್ನೊಂದು ಜನರ ಕೈಯೂ ಒಳಗಿತ್ತು. ಹೊಸ ಬಡಾವಣೆಯ ಮಕ್ಕಳಿಗೆ ಹಲಸಿನ ಮೇಣದ ಮಹಿಮೆ ಏನು ಗೊತ್ತು? ಬೆರಳಿಗೆ ಬೆರಳು ಅಂಟಿತು. ಬಂಗಲೆ ಹುಡುಗ ಕೆನ್ನೆ ಕೆರೆದುಕೊಳ್ಳಲು ಹೋಗಿ ಕೈಯನ್ನು ಕೆನ್ನೆಗೇ ಅಂಟಿಸಿಕೊಂಡ. ಅಮ್ಮ ಒಬ್ಬೊಬ್ಬರನ್ನೇ ಹಿಡಿದು ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಿದಳು. ಅವನು ಬಿಡಿಸಿಕೊಂಡವನೇ ಮತ್ತೆ ಕೈ ಹಾಕಿದ. ಬಾಯಿ ತುಂಬ ತೊಳೆ ಇಟ್ಟುಕೊಂಡು, "ನಮ್ಮನೇಲಿ ಕೇಕು ಒಂದೊಂದೇ ಪೀಸ್ ಬಂತು ಕಣೋ" ಎಂದ. ಆ ಮಾತು ಕೇಳಿ ನನ್ನ ಎದೆ ಮತ್ತೆ ಮೊದಲಿನಷ್ಟೇ ಉಬ್ಬಿತು.

ತಿಂದು ಸುಸ್ತಾಗಿ ಎಲ್ಲರೂ ಜಗುಲಿಯಲ್ಲಿ ಕೂತಾಗ, ಎರಡು ಜಡೆಯ ಒಬ್ಬ ಹುಡುಗಿ ರಂಗೋಲಿಯ ಅಕ್ಷರಗಳನ್ನೇ ನೋಡುತ್ತಿದ್ದಳು. "ಎಷ್ಟು ಗುಂಡಗಿದೆ ಅಕ್ಷರ! ಅಕ್ಕ, ನೀವು ಯಾವ ಕ್ಲಾಸು?" ಎಂದು ಕೇಳಿದಳು.

ಅಕ್ಕ ವಾಚು ಹಂಚುತ್ತಿದ್ದವಳು ನಿಂತಳು. "ನಾನು ಇಸ್ಕೂಲಿಗೆ ಹೋಗಕಿಲ್ಲ. ಇವನ ಸ್ಲೇಟ್ ನೋಡ್ತಾ ನೋಡ್ತಾ ಕಲ್ತ್ಕೊಂಡೆ."

ಅಮ್ಮನಿಗೆ ಇರುಸುಮುರುಸಾಯಿತೇನೋ, ಮಾತು ಬದಲಿಸಲು ಹೋಗಿ, "ಇವನು ಹುಟ್ಟಿದ್ದು ಅವರೆಕಾಯಿ ಕಾಲ್ದಲ್ಲಿ, ನೋಡಿ, ಹಬ್ಬ ಮಾತ್ರ ಹಲಸಿನ ಕಾಲ್ದಲ್ಲಿ" ಎಂದು ನಕ್ಕುಬಿಟ್ಟಳು. ಬಂಗಲೆ ಹುಡುಗ ತಕ್ಷಣ, "ಹಾಗಾದ್ರೆ ಇವತ್ತು ಇವನ ಬರ್ತ್‌ಡೇ ಅಲ್ವಾ?" ಎಂದ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅಪ್ಪ ಕಂಬಕ್ಕೆ ಒರಗಿ ಕೂತಿದ್ದವನು ನೆಟ್ಟಗಾದ. "ಅಲ್ಲ ಕಣಪ್ಪ. ಇವತ್ತು ಇವನ್ನ ಇಸ್ಕೂಲಿಗೆ ಸೇರಿಸಿದ ದಿನ. ಬಿತ್ತನೆ ಮುಗಿಸ್ಕೊಂಡು ತಡವಾಗಿ ಕರ್ಕೊಂಡ್ ಹೋಗಿದ್ದೆ. ಹೆಡ್‌ಮಾಸ್ಟ್ರು ಹುಟ್ಟಿದ್ ತಾರೀಕು ಕೇಳಿದ್ರು. ನಂಗೆಲ್ಲಿ ಗೊತ್ತು? ಇವತ್ತಿಂದೇ ಬರ್ಕೊಳ್ಳಿ ಸ್ವಾಮಿ ಅಂದೆ. ನಮ್ಮ ವಂಶದಾಗೆ ಪುಸ್ತಕದಲ್ಲಿ ಹೆಸರು ಬಿದ್ದಿದ್ದು ಇವನದೇ ಮೊದಲು. ಇದಕ್ಕಿಂತ ದೊಡ್ಡ ಹಬ್ಬ ನಂಗೆ ಯಾವುದೂ ಇಲ್ಲ." ಅಪ್ಪ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನ್ನ ಅಪ್ಪನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಸುಳ್ಳು ಬಯಲಾದದ್ದೇ ಮರೆತುಹೋಯಿತು.

ಆಗ ಅಕ್ಕ ಕೇಳಿದಳು, ಮೆಲ್ಲಗೆ.

"ಅಪ್ಪ, ನಂದ್ಯಾವತ್ತು ಬರೆಸ್ತೀಯ?"

ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಸೆರಗಿನಲ್ಲಿ ಕೈ ಒರೆಸುತ್ತಾ ನಿಂತಳು. ಅಕ್ಕ ಹೋದರೆ ಸೊಪ್ಪು ಕಟ್ಟುವವರು ಯಾರು ಎಂಬ ಮಾತು ಆ ಮನೆಯಲ್ಲಿ ಎಷ್ಟೋ ಸಲ ಬಂದುಹೋಗಿತ್ತು. ಆ ದಿನ ಯಾರೂ ಅದನ್ನು ಎತ್ತಲಿಲ್ಲ. ಕೊನೆಗೆ ಅಪ್ಪ ನೆಲದ ರಂಗೋಲಿಯನ್ನು ತೋರಿಸಿ, "ನನ್ನೆಸ್ರು ಬರಿ, ನೋಡಾನ" ಎಂದ.

ಅಕ್ಕ ರಂಗೋಲಿ ಪುಡಿಯ ಚಿಪ್ಪು ತಂದು, ಕೂತು, ನನ್ನ ಹೆಸರಿನ ಕೆಳಗೆ ಅಪ್ಪನ ಹೆಸರು ಬರೆದಳು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಬಂಗಲೆ ಹುಡುಗನ ಕಡೆ ನೋಡಿ, "ಏನ್ ಬರ್ದವಳೆ ಓದಪ್ಪ" ಎಂದ. ಅವನು ಗಟ್ಟಿಯಾಗಿ ಓದಿದ. ತನ್ನ ಹೆಸರು ಒಂದು ಅಕ್ಷರವೂ ತಪ್ಪದೆ ಇನ್ನೊಬ್ಬರ ಬಾಯಲ್ಲಿ ಬಂದಾಗ ಅಪ್ಪನ ಕಣ್ಣು ತುಂಬಿತು. ಅವನೇನೂ ಅದನ್ನು ಮುಚ್ಚಿಟ್ಟುಕೊಳ್ಳಲಿಲ್ಲ, ಟವೆಲ್ಲಿನಿಂದ ಒರೆಸಿಕೊಂಡ.

"ಸೋಮವಾರ ಬೆಳಿಗ್ಗೆ ತಲೆ ಬಾಚ್ಕೊಂಡು ತಯಾರಾಗಿರು" ಎಂದ ಅಕ್ಕನಿಗೆ.

ಸೋಮವಾರ ನಾನೂ ಜೊತೆಗೆ ಹೋಗಿದ್ದೆ. ಹೆಡ್‌ಮಾಸ್ಟರು ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಅಕ್ಕ ನಿಲ್ಲದೆ ಓದಿದಳು. ಹುಟ್ಟಿದ ತಾರೀಕು ಕೇಳಿದರು. ಅಪ್ಪ ಈ ಸಲ ಯೋಚಿಸಲಿಲ್ಲ, "ಇವತ್ತಿಂದೇ ಬರ್ಕೊಳ್ಳಿ ಸ್ವಾಮಿ" ಎಂದ. ಅವಳನ್ನು ಮೂರನೇ ಕ್ಲಾಸಿಗೆ ಸೇರಿಸಿಕೊಂಡರು. ಬೆಳಿಗ್ಗೆ ಸೊಪ್ಪು ಕಟ್ಟುವ ಕೆಲಸ ನನ್ನ ಪಾಲಿಗೂ ಬಂತು. ವರ್ಷ ಕಳೆಯುವಷ್ಟರಲ್ಲಿ ಒಂದು ಕ್ಲಾಸು ಹಾರಿ ನನ್ನ ಕ್ಲಾಸಿಗೇ ಬಂದು ಕೂತಳು, ನನಗಿಂತ ಹೆಚ್ಚು ಮಾರ್ಕು ತೆಗೆದಳು. ಅದೊಂದನ್ನು ನಾನು ಇವತ್ತಿಗೂ ಮರೆತಿಲ್ಲ, ಅವಳು ಮರೆಯಲು ಬಿಟ್ಟೂ ಇಲ್ಲ.

ಮೊಮ್ಮಕ್ಕಳೇ, ನೀವು ಹುಟ್ಟಿದಾಗ ಗಂಟೆ, ನಿಮಿಷ ಎಲ್ಲ ಆಸ್ಪತ್ರೆಯವರೇ ಬರೆದು ಕೊಟ್ಟರು. ಮುಖ ತೊಳೆಸುವ ಮೊದಲೇ ನಿಮ್ಮ ಫೋಟೋ ನಮ್ಮ ಫೋನಿಗೆ ಬಂತು. ನಿಮ್ಮ ಹುಟ್ಟಿದಹಬ್ಬಕ್ಕೆ ಜೆ.ಪಿ. ನಗರದಲ್ಲಿ ಪಾರ್ಟಿ ಹಾಲ್ ಬುಕ್ ಮಾಡುತ್ತಾರೆ, ಡೈನೋಸಾರ್ ವೇಷದವನು ಬಂದು ಕುಣಿಯುತ್ತಾನೆ. ಹಲಸಿನ ತೊಳೆ ಮಡಿವಾಳದ ಮಾರ್ಕೆಟ್ಟಿನಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ, ಕೈಗೆ ಮೇಣವೇ ಅಂಟುವುದಿಲ್ಲ. ನಾನೇನೂ ಗೊಣಗುತ್ತಿಲ್ಲ. ಕೇಕು ಬಂದರೆ ಮೊದಲು ತಟ್ಟೆ ಹಿಡಿಯುವವನೇ ನಾನು.

ಆದರೆ ಪ್ರತಿ ಜುಲೈನಲ್ಲೂ ನೀವು ಕೇಳುತ್ತೀರಲ್ಲ, ತಾತನ ಹುಟ್ಟಿದಹಬ್ಬಕ್ಕೂ ದೊಡ್ಡಜ್ಜಿಯ ಹುಟ್ಟಿದಹಬ್ಬಕ್ಕೂ ಎರಡೇ ದಿನದ ಅಂತರ ಹೇಗೆ ಎಂದು. ಹೀಗೆ, ಮಕ್ಕಳೇ. ಆ ಅಕ್ಕನೇ ನಿಮ್ಮ ದೊಡ್ಡಜ್ಜಿ. ಅವು ಅಮ್ಮ ನಮ್ಮನ್ನು ಹೆತ್ತ ದಿನಗಳಲ್ಲ, ಅಪ್ಪ ನಮ್ಮ ಹೆಸರು ಬರೆಸಿದ ದಿನಗಳು. ದೊಡ್ಡಜ್ಜಿ ಕೇಕು ಕತ್ತರಿಸುವಾಗ ತನ್ನ ಹೆಸರಿರುವ ಭಾಗಕ್ಕೆ ಚಾಕು ತಾಗಿಸದೆ ಸುತ್ತ ಕತ್ತರಿಸುತ್ತಾಳೆ, ಆ ತುಂಡು ಯಾರಿಗೂ ಕೊಡುವುದಿಲ್ಲ. ನೀವೆಲ್ಲ ಅವಳನ್ನು ಆಸೆಬುರುಕಿ ಎಂದು ರೇಗಿಸುತ್ತೀರಿ. ಈ ಸಲ ರೇಗಿಸಬೇಡಿ. ಅವಳು ಕೇಳುವ ಮೊದಲೇ ಆ ತುಂಡನ್ನು ಅವಳ ತಟ್ಟೆಗೆ ಹಾಕಿ.