ರೂಟರ್ ದೇವರ ಮನೆ ಬಿಟ್ಟ ದಿನ

ನಮ್ಮ ಕೇಬಲ್ ಅಣ್ಣನ ಬಲಗೈ ಹೆಬ್ಬೆರಳಿನ ಉಗುರು ಇಷ್ಟುದ್ದ ಇರುತ್ತಿತ್ತು. ವೈರಿನ ಸಿಪ್ಪೆ ಸುಲಿಯೋಕೆ ಅದೇ ಚಾಕು, ಅದೇ ಕತ್ತರಿ. ಬಟವಾಡಿಯ ನಮ್ಮ ಬೀದಿಗೆ ಮೊದಲು ಟೀವಿ ಕೇಬಲ್ ಎಳೆದವರೂ ಅವರೇ, ಆಮೇಲೆ ಇಂಟರ್ನೆಟ್ ತಂದವರೂ ಅವರೇ. ಏನೇ ಕೆಟ್ಟರೂ ಅವರದು ಒಂದೇ ಮಾತು: "ವೈರ್‌ನ ಬೈಬೇಡಿ, ಮೊದ್ಲು ಮನೆ ನೋಡಣ."

ಆ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ತವರೂರು ಗುಬ್ಬಿಯ ಭಜನೆ ತಂಡದಲ್ಲಿ ಪ್ರತಿ ಸೋಮವಾರ ಹಾಡುತ್ತಿದ್ದವಳು, ಈಗ ಮಲಗಿದಲ್ಲೇ ಮೊಬೈಲಿನಲ್ಲಿ ಅವರ ಲೈವ್ ನೋಡಬೇಕು. ಎರಡು ಸಾಲು ಕೇಳಿಸುವಷ್ಟರಲ್ಲಿ ಪರದೆಯ ಮೇಲೆ ಚಕ್ರ ತಿರುಗೋಕೆ ಶುರು. ಜೊತೆಗೆ ಹಾಡಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಳ್ಳುವಳು. ಒಂದು ಸೋಮವಾರ "ಬುಡು, ನನ್ ಹಾಡು ಮುಗೀತು" ಅಂತ ಗೋಡೆ ಕಡೆ ತಿರುಗಿದಳು. ಕಾಲಿಗೆ ವ್ಯಾಯಾಮ ಮಾಡಿಸೋಕೆ ಬಂದವರಿಗೂ "ನಡೆದು ಎಲ್ಲಿಗ್ ಹೋಗ್ಬೇಕು?" ಅಂದುಬಿಟ್ಟಳು. ನನಗೆ ಹೆದರಿಕೆಯಾಯಿತು.

ನನಗೋ ಮೂಗಿನ ತುದಿಯಲ್ಲೇ ಕೋಪ. ನಾಲ್ಕು ಆಂಟೆನಾದ ಹೊಸ ರೂಟರ್ ತಂದು, ಹಳೆಯದಿದ್ದ ಜಾಗದಲ್ಲೇ ಜೋಡಿಸಿದೆ. ಚಕ್ರ ನಿಲ್ಲಲಿಲ್ಲ. ಅಣ್ಣನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ.

ಅವರು ಬಂದರು, ಮುಖದಲ್ಲಿ ಸಿಟ್ಟಿಲ್ಲ. "ಎಲ್ಲಿಟ್ಟಿದೀರಮ್ಮ?"

ದೇವರ ಮನೆಯಲ್ಲಿ! ಹಿತ್ತಾಳೆ ಮಂಟಪದ ಹಿಂದೆ. ಆಂಟೆನಾಗೆ ಸೇವಂತಿಗೆ, ಮೈಗೆ ಕುಂಕುಮ. ಆಯುಧಪೂಜೆಗೆ ಹಳೆಯದನ್ನು ಅಲ್ಲಿ ಕೂರಿಸಿದ್ದು, ಆಮೇಲೆ ಆ ಜಾಗ ಬದಲಿಸೋಕೆ ಅಮ್ಮ ಬಿಟ್ಟಿರಲಿಲ್ಲ; ಹೊಸದಕ್ಕೂ ಅದೇ ಪೂಜೆ.

ಅಣ್ಣ ನಕ್ಕರು. "ಇದಕ್ಕೂ ಅಮ್ಮನ ಮಂಚಕ್ಕೂ ಮಧ್ಯೆ ಮೂರು ಗೋಡೆ. ಎಂಥಾ ರೂಟರ್ ತಂದ್ರೂ ಸಿಗ್ನಲ್ ಅಲ್ಲೇ ಸುಸ್ತಾಗ್ತದೆ."

"ಪೂಜೆ ಮಾಡಿ ಕೂರ್ಸಿರೋದು, ಮುಟ್ಟಿದ್ರೆ ನೋಡು!" ಅಮ್ಮ ಮಲಗಿದಲ್ಲಿಂದಲೇ ಗದರಿದಳು.

ಅಣ್ಣ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಗುಡಿಗೆ ಬರಕ್ಕಾಗ್ದೋರ ಬಾಗ್ಲಿಗೆ ಉತ್ಸವಮೂರ್ತಿ ಬರಲ್ವೇನಮ್ಮ? ಇದೂ ಹಂಗೇ ಅನ್ಕೊಳ್ಳಿ."

ಅಮ್ಮ ಮಲಗಿದಲ್ಲಿಂದಲೇ ದೇವರ ಮನೆ ಕಡೆ ತಿರುಗಿ ಕೈ ಮುಗಿದಳು. ಆಮೇಲೆ, "ಕಾಯಿ ಒಡೆದು ತಗೊಂಬಾ" ಅಂದಳು.

ಅಣ್ಣ ಕೈಕಾಲು ತೊಳೆದು, ಕಾಯಿ ಒಡೆದು, ರೂಟರನ್ನು ಎರಡೂ ಕೈಯಲ್ಲಿ ಹೊತ್ತು ತಂದರು. ಮಂಚದ ಎದುರಿನ ಗೋಡೆಗೆ ಮೊಳೆ ಹೊಡೆದು ಎತ್ತರದಲ್ಲಿ ಕೂರಿಸಿದರು. ನಾನು ತಪ್ಪಾಯ್ತು ಅಂದರೆ, "ಬೈದ್ರೆ ವೈರೇನ್ ಕಿತ್ತೋಗಲ್ಲ ಬುಡಿ" ಅಂದರು.

ಮುಂದಿನ ಸೋಮವಾರ ಲೈವ್ ಒಂದು ಸಲವೂ ನಿಲ್ಲಲಿಲ್ಲ. ಅಮ್ಮ ಮೊದಲು ತುಟಿ ಆಡಿಸಿದಳು, ಆಮೇಲೆ ದನಿ ಬಂತು. ನಾನು ಅಡುಗೆಮನೆಯಲ್ಲಿ ನಿಂತು ಗಳಗಳ ಅತ್ತೆ. ಮಾರನೇ ದಿನ ಅಮ್ಮ ವ್ಯಾಯಾಮಕ್ಕೆ ತಾನಾಗಿಯೇ ಕಾಲು ಚಾಚಿದಳು.

ಕಂಬ ಹತ್ತಿ ಹತ್ತಿ ಮಂಡಿ ಸವೆದು, ಅಣ್ಣ ಈಗ ಕುಣಿಗಲ್‌ನ ಮಗಳ ಮನೆಯಲ್ಲಿದ್ದಾರೆ. ಅಮ್ಮ ಕೋಲೂರಿಕೊಂಡು ಸೋಮವಾರ ಸೋಮವಾರ ಗುಬ್ಬಿಗೆ ಹೋಗುತ್ತಾಳೆ. ಹಾಡೋಕೆ ಮುಂಚೆ ಲೈವ್ ಹಿಡಿದ ಮೊಬೈಲಿನ ಕಡೆ ಬಗ್ಗಿ, "ಅಣ್ಣಾ, ಕುಣಿಗಲ್ಲಲ್ಲಿ ಕೇಳಿಸ್ತೈತಾ?" ಅಂತ ಕೇಳುತ್ತಾಳೆ. "ಕೇಳ್ತೈತೆ ಕಣಮ್ಮ, ಹಾಡಿ" ಅಂತ ಅವರ ಮೆಸೇಜ್ ಬರುವವರೆಗೂ ತಾಳ ಎತ್ತುವುದಿಲ್ಲ.