ಕುಂಕುಮದ ಬಟ್ಟಲಲ್ಲಿ ನಿಂತ ಬೆರಳು

ಸಿರಾದಲ್ಲಿ ನಮ್ಮ ಮಹಿಳಾ ಸಮಾಜ ಸೇರುತ್ತಿದ್ದುದು ಹೆಣ್ಣುಮಕ್ಕಳ ಶಾಲೆಯ ಹಿಂದಿನ ಕೋಣೆಯಲ್ಲಿ, ಶುಕ್ರವಾರ ಮಧ್ಯಾಹ್ನ. ನಾನು ಅದೇ ಶಾಲೆಯ ಮೇಷ್ಟ್ರಮ್ಮ, ಸಮಾಜಕ್ಕೆ ಕಾರ್ಯದರ್ಶಿ. ಹೆಸರು ದೊಡ್ಡದು, ಕೆಲಸ ಚಾಪೆ ಹಾಸುವುದು, ದಾರ ತರಿಸುವುದು, ಬಂದವರ ಜಗಳ ಬಿಡಿಸುವುದು. ಹೊಲಿಗೆ ಕಲಿಸುತ್ತೇವೆ, ಅಕ್ಷರ ಕಲಿಸುತ್ತೇವೆ ಎಂದು ಗಂಡಸರಿಗೆ ಹೇಳಿದ್ದೆವು. ಅದು ಸುಳ್ಳೇನಲ್ಲ. ಆದರೆ ಹೆಂಗಸರು ಬರುತ್ತಿದ್ದುದು ಮಾತಾಡುವುದಕ್ಕೆ. ಮನೆಯಲ್ಲಿ ಅತ್ತೆಯ ಕಿವಿ, ಬಾವಿಕಟ್ಟೆಯಲ್ಲಿ ಊರಿನ ಕಿವಿ. ಇಲ್ಲಿ ಸೂಜಿಗೆ ದಾರ ಪೋಣಿಸುತ್ತ ಎದೆಯಲ್ಲಿದ್ದುದನ್ನು ಇಳಿಸಿ ಹೋಗುತ್ತಿದ್ದರು.

ಹಾಗೆ ಇಳಿಸಿದ ಮಾತೊಂದು ಒಮ್ಮೆ ಹೊರಗೆ ಹೋಯಿತು. ಒಬ್ಬಾಕೆಯ ಬೆನ್ನಿನ ಮೇಲೆ ಬಿಳಿ ಮಚ್ಚೆ ಎದ್ದಿರುವ ಸಂಗತಿ ನಮ್ಮ ಚಾಪೆಯಿಂದ ಎದ್ದು, ಅವಳ ಮಗಳಿಗೆ ಗಂಡು ಗೊತ್ತಾಗಿದ್ದ ಮನೆಯವರೆಗೂ ನಡೆಯಿತು. ಮದುವೆ ಮುರಿಯಿತು. ನನ್ನ ಕೋಪ ಊರಿಗೇ ಗೊತ್ತು. ಮರು ಶುಕ್ರವಾರ ಒಬ್ಬೊಬ್ಬರನ್ನೂ ನಿಲ್ಲಿಸಿ ಬೈದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ನಿಮ್ಮ ನಾಲಗೆಗೆ ಬೀಗ ಇಲ್ಲವೇನು ಎಂದೆ. ಆವತ್ತಿನಿಂದ ಒಂದು ಕಟ್ಟಳೆ ಮಾಡಿದೆವು. ಸದಸ್ಯೆಯರ ಮನೆಯ ಮಾತು, ಮೈಯ ಮಾತು ಏನಿದ್ದರೂ ಅಧ್ಯಕ್ಷರಿಗೆ ಮತ್ತು ನನಗೆ ಮಾತ್ರ ಹೇಳಬೇಕು, ಬಾಗಿಲು ಮುಚ್ಚಿಕೊಂಡು. ಕೇಳಿದ್ದು ಶಾಲೆಯ ಹೊಸಿಲು ದಾಟಕೂಡದು.

ಅಧ್ಯಕ್ಷರು ಎಂದರೆ ಪೇಟೆಯ ಜವಳಿ ಅಂಗಡಿಯವರ ಹೆಂಡತಿ, ಅರವತ್ತು ದಾಟಿದ ಹಿರಿಯ ಮುತ್ತೈದೆ. ಅವರ ಹೊಟ್ಟೆಗೆ ಹೋದ ಮಾತು ಮರಳಿ ಬಂದದ್ದನ್ನು ನಾನು ಕಂಡಿಲ್ಲ. ಸಭೆ ಮುಗಿದ ಮೇಲೆ ತಟ್ಟೆ ಹಿಡಿದು ಎಲ್ಲರ ಹಣೆಗೂ ಅವರೇ ಕುಂಕುಮ ಇಡುತ್ತಿದ್ದರು. ಸಾಬರ ಮನೆಯ ಹೆಂಗಸರಿಗೆ ಹೂವು, ಸಕ್ಕರೆ. ಗಂಡ ಸತ್ತವರು ಗೋಡೆಯ ಪಕ್ಕ ಒಂದು ಸಾಲಾಗಿ ಕೂರುತ್ತಿದ್ದೆವು, ತಟ್ಟೆ ಆ ಕಡೆ ಬರುತ್ತಿರಲಿಲ್ಲ. ಕೂರುತ್ತಿದ್ದೆವು ಎಂದೆ. ನಾನೂ ಆ ಸಾಲಿನವಳೇ. ಹದಿನೇಳಕ್ಕೆ ಮಧುಗಿರಿಯ ಅತ್ತೆಮನೆಯಲ್ಲಿ ನನ್ನ ಬಳೆ ಒಡೆದರು, ವರ್ಷವೆಲ್ಲ ಕತ್ತಲೆ ಕೋಣೆಯ ಮೂಲೆಯಲ್ಲಿ ಕೂರಿಸಿದರು. ಅಪ್ಪ ಹಟ ಹಿಡಿದು ಕರೆತಂದು ಓದಿಸದೆ ಇದ್ದಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿದ್ದೆ.

ಲಡಾಯಿಯ ಕಾಲ ಅದು. ಸಮಾಜದ ಪರವಾಗಿ ಒಬ್ಬಳನ್ನು ತುಮಕೂರಿಗೆ ಹೆರಿಗೆ ಮಾಡಿಸುವ ಕೆಲಸ ಕಲಿಯಲು ಕಳಿಸಬಹುದು ಎಂದು ನಮಗೆ ಅವಕಾಶ ಸಿಕ್ಕಿತು. ಹುಡುಗಿಯನ್ನು ಹುಡುಕುವುದೇನು ಕಷ್ಟವಾಗಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚುರುಕಾಗಿ ಅಕ್ಷರ ಕಲಿತಿದ್ದವಳು ಒಬ್ಬ ಸಿಪಾಯಿಯ ಹೆಂಡತಿ, ಇಪ್ಪತ್ತರ ಆಸುಪಾಸು. ಗಂಡ ಬರ್ಮಾ ಕಡೆ ಹೋಗಿದ್ದ. ಕಷ್ಟವಾದದ್ದು ಮಾವನನ್ನು ಒಪ್ಪಿಸುವುದು. ಅವರ ಮನೆಗೆ ಅಲೆದು ಅಲೆದು ನನ್ನ ಚಪ್ಪಲಿ ಸವೆಯಿತು. ಕೊನೆಗೆ ಆತ, “ಆಗ್ಲಿ ಬುಡಿ, ಮಗ ಬರೋಗಂಟ ಕಲೀಲಿ. ಬಂದ್ಮೇಲೆ ಅವ್ನು ಹೇಳ್ದಂಗೆ” ಎಂದರು. ಸೋಮವಾರ ಹೊರಡುವುದೆಂದಾಯಿತು. ಅಧ್ಯಕ್ಷರೇ ಜೊತೆಗೆ ಹೋಗಿ ಬಿಟ್ಟುಬರುತ್ತೇನೆ ಎಂದರು.

ಅದಕ್ಕೆ ಮುಂಚಿನ ಬುಧವಾರ ಶಾಲೆ ಬಿಡುವ ಹೊತ್ತಿಗೆ ಅವಳು ಬಂದಳು. ಜೊತೆಗೆ ಸಾಬರ ಕೇರಿಯಿಂದ ನಮ್ಮ ಸಮಾಜಕ್ಕೆ ಬರುತ್ತಿದ್ದ ಒಬ್ಬಾಕೆ. ಈಕೆಯ ತಮ್ಮನೂ ಹುಡುಗಿಯ ಗಂಡನ ಪಲ್ಟನ್ನಿನಲ್ಲೇ ಇದ್ದವನು, ಕಾಲಿಗೆ ಪೆಟ್ಟಾಗಿ ಹಿಂದಿನ ದಿನ ಊರಿಗೆ ಬಂದಿದ್ದ.  ಸುದ್ದಿ ಹೇಳಿದವಳು ಸಾಬರ ಕೇರಿಯಾಕೆ.

“ಮೇಷ್ಟ್ರಮ್ಮ, ಇವ್ಳ ಯಜಮಾನ್ರು ಹೋಗ್ಬಿಟ್ರಂತೆ. ಜ್ವರ ಬಂತಂತೆ. ನಮ್ ತಮ್ಮನೇ ಮಣ್ಣು ಮಾಡಿ ಬಂದವ್ನೆ. ಸಾಯೋ ಮೊದ್ಲು ಅವ್ನತ್ರ ಕಸಮ್ ಹಾಕ್ಸಿದ್ರಂತೆ, ಊರ್ಗೆ ಹೋದ್ರೆ ಮೊದ್ಲು ಇವ್ಳಿಗೇ ಹೇಳು, ಇನ್ಯಾರ್ಗೂ ಹೇಳ್ಬೇಡ ಅಂತ. ಅವ್ನಿಗೆ ನಡ್ಯಾಕಾಗಲ್ಲ, ಅದ್ಕೇ ನನ್ ಕೈಲಿ ಹೇಳ್ಕಳ್ಸವ್ನೆ.”

 ಹುಡುಗಿ ನನ್ನ ಮುಖ ನೋಡಿ, “ಅಕ್ಕಾ, ಸೋಮವಾರದ ಗಂಟ ಇದು ಹೊರಗ್ ಬೀಳ್ಬಾರ್ದು” ಎಂದಳು. “ನಮ್ಮತ್ತೆಗೆ ಗೊತ್ತಾದ್ರೆ ಮೂಲೆಗೆ ಕೂರುಸ್ತಾರೆ. ವರ್ಸ ಕಳ್ದು ಎದ್ರೆ ತುಮಕೂರು ಎಲ್ಲಿ, ನಾನೆಲ್ಲಿ? ಒಂದ್ಸಲ ಅಲ್ಲಿಗ್ ಹೋಗಿ ಸೇರ್ಕಂಡ್ರೆ ಯಾರೂ ಎಳ್ಕಂಡ್ ಬರಾಕಾಗಲ್ಲ.” ಸರಿಯಾಗಿಯೇ ಲೆಕ್ಕ ಹಾಕಿದ್ದಳು. ಸರ್ಕಾರದ ಕಡೆಯಿಂದ ಸುದ್ದಿ ಬರುವುದಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು.

ಕಟ್ಟಳೆಯ ಪ್ರಕಾರ ಅಧ್ಯಕ್ಷರ ಮನೆಗೆ ಹೋದೆವು. ಅವರು ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹುಡುಗಿಯ ತಲೆ ನೇವರಿಸಿ, “ನನ್ ನಾಲ್ಗೆ ಸೀಳಿದ್ರೂ ಬಾಯ್ಬುಡಾಕಿಲ್ಲ ಕಣಮ್ಮ. ನಾನೇ ಕರ್ಕಂಡೋಗಿ ಬುಟ್ ಬತ್ತೀನಿ” ಎಂದರು. ನನ್ನ ಎದೆಯ ಭಾರ ಇಳಿಯಿತು.

ಹುಡುಗಿ ಹೋದ ಮೇಲೆ ಅವರು ನನ್ನನ್ನು ಒಳಗೆ ಕರೆದರು. “ನಾಡಿದ್ದು ಶುಕ್ರವಾರ. ಅವ್ಳನ್ನ ಕಳಿಸಿಕೊಡೋ ಸಭೆ. ಕುಂಕುಮ ಹೆಂಗಿಕ್ಕಲಿ?”

“ಯಾವಾಗಲೂ ಹೇಗಿಡುತ್ತೀರೋ ಹಾಗೆ” ಎಂದೆ.

“ಗಂಡ ಇಲ್ದೋಳ ಹಣೆಗೆ ಗೊತ್ತಿದ್ದೂ ಗೊತ್ತಿದ್ದೂ ಇಕ್ಕಾದಾ? ನಮ್ ಯಜಮಾನ್ರಿಗೆ ಎದೆನೋವು ಬತ್ತಾ ಅದೆ. ನಾಳೆ ಹೆಚ್ಚುಕಮ್ಮಿ ಆದ್ರೆ?”

ನನಗೆ ಪಿತ್ತ ನೆತ್ತಿಗೇರಿತು. ಪಾಪ ಬಂದರೆ ನನಗಿರಲಿ ಎಂದೆ. ಬೇರೆ ಯಾರ ಕೈಗಾದರೂ ತಟ್ಟೆ ಕೊಡಿ ಎಂದೆ. ಒಂದು ವಾರವೂ ತಟ್ಟೆ ಬಿಟ್ಟುಕೊಟ್ಟವರಲ್ಲ, ಇವತ್ತೇ ಯಾಕೆ ಕೊಟ್ಟರು ಎಂದು ಎಲ್ಲರೂ ಕೇಳುತ್ತಾರೆ ಎಂದರು. ಅದೂ ನಿಜವೇ. ಸಭೆಯನ್ನೇ ಬಿಡೋಣವೆಂದರೆ ಮಾವ ಹುಡುಗಿಯನ್ನು ಕಳಿಸುವುದೇ ನಾವು ಮುಂದೆ ನಿಂತು ಕಳಿಸಿಕೊಡುತ್ತೇವೆಂಬ ಮಾತಿನ ಮೇಲೆ. ನಾನೇ ತಟ್ಟೆ ಹಿಡಿಯೋಣವೆಂದರೆ, ನಾನು ಮುಟ್ಟಿದ ಕುಂಕುಮವನ್ನು ಆ ಕೋಣೆಯಲ್ಲಿ ಯಾರೂ ಇಡಿಸಿಕೊಳ್ಳುವವರಲ್ಲ. ಎಂಥೆಂಥ ಅಧಿಕಾರಿಗಳ ಎದುರು ಗಟ್ಟಿಯಾಗಿ ಮಾತಾಡಿದವಳು ನಾನು. ಒಂದು ಬಟ್ಟಲು ಕುಂಕುಮದ ಎದುರು ಏನೂ ತೋಚದೆ ನಿಂತೆ.

ಕೊನೆಗೆ ಅವರೇ, “ಆಯ್ತು ಕಣಮ್ಮ, ದೇವರ ಮೇಲೆ ಭಾರ ಹಾಕಿ ಇಟ್ಬುಡ್ತೀನಿ” ಎಂದರು. ಮನಸ್ಸಿಟ್ಟೇ ಹೇಳಿದರು. ಇವತ್ತಿಗೂ ನನಗೆ ಅದರಲ್ಲಿ ಸಂಶಯವಿಲ್ಲ.

ಶುಕ್ರವಾರ ಕೋಣೆ ತುಂಬಿತ್ತು. ಹುಡುಗಿ ಹಸಿರು ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದು ಬಂದಿದ್ದಳು. ಪಕ್ಕದಲ್ಲಿ ಓರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ. ಆಕೆಗೆ ಏನೂ ಗೊತ್ತಿರಲಿಲ್ಲ. ನಮ್ಮನೆಯಿಂದ ಒಬ್ಬಳು ತುಮಕೂರಿಗೆ ಹೋಗುತ್ತಾಳೆ ಎಂಬ ಹೆಮ್ಮೆಯಿಂದ ಎಲ್ಲರೊಡನೆ ನಗುತ್ತಿದ್ದಳು. ಹಾಡಾಯಿತು, ನನ್ನ ನಾಲ್ಕು ಮಾತಾಯಿತು. ಅಧ್ಯಕ್ಷರು ತಟ್ಟೆ ಹಿಡಿದು ಎದ್ದರು.

ನಾನು ಗೋಡೆಯ ಪಕ್ಕ ಕೂತು ನೋಡುತ್ತಿದ್ದೆ. ಒಬ್ಬೊಬ್ಬರಿಗೂ ಇಡುತ್ತ ಬಂದರು. ಓರಗಿತ್ತಿಗೆ ಇಟ್ಟರು. ಹುಡುಗಿಯ ಮುಂದೆ ಬಂದರು. ಅವಳು ಕತ್ತೆತ್ತಿ ಹಣೆ ಕೊಟ್ಟಳು. ಅಧ್ಯಕ್ಷರ ಬೆರಳು ಬಟ್ಟಲಿಗಿಳಿಯಿತು, ಅಲ್ಲೇ ನಿಂತಿತು. ಮೇಲೇಳಲೇ ಇಲ್ಲ. ತುಟಿಯಲ್ಲೇ ದೇವರ ಸ್ಮರಣೆ ಮಾಡುತ್ತಿದ್ದರು. ಇಡಿ, ಇಟ್ಟುಬಿಡಿ, ತಾಯಿ ಎಂದು ನಾನು ಒಳಗೊಳಗೇ ಕೂಗಿಕೊಂಡೆ. ಅವರು ಬೆರಳು ಹಿಂದಕ್ಕೆ ತೆಗೆದು, ಒಂದು ಹಿಡಿ ಸಕ್ಕರೆ ಅವಳ ಕೈಗೆ ಹಾಕಿ, ಮುಂದಿನವಳ ಬಳಿಗೆ ಸರಿದರು.

  ತಟ್ಟೆ ಯಾರನ್ನು ದಾಟಿ ಹೋಗುತ್ತದೆ ಎಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಡುಗಿ ತಾನೇ ಕೈಚಾಚಿ ಬಟ್ಟಲಿನಿಂದ ಕುಂಕುಮ ತೆಗೆದು ಹಣೆಗೆ ಒತ್ತಿಕೊಂಡಳು. ಆ ಧೈರ್ಯ ನೋಡಿ ನನಗೆ ಅಳು ಬಂತು. ಆದರೆ ಅಷ್ಟರಲ್ಲಿ ಓರಗಿತ್ತಿ ಅಧ್ಯಕ್ಷರ ಸೆರಗು ಹಿಡಿದಿದ್ದಳು.

“ಯಾಕಮ್ಮಾರೇ? ನಮ್ ಮೈದುನಂಗೆ ಏನಾಯ್ತು? ಹೇಳ್ರಮ್ಮಾ!”

ಅಧ್ಯಕ್ಷರು ಕೊಟ್ಟ ಮಾತು ಉಳಿಸಿಕೊಂಡರು. ಬಾಯಿ ಬಿಡಲಿಲ್ಲ. ತಟ್ಟೆಯನ್ನು ನೆಲದ ಮೇಲಿಟ್ಟು ಮುಖ ಮುಚ್ಚಿಕೊಂಡು ಕುಸಿದರು. ಓರಗಿತ್ತಿ ಚೀರುತ್ತ ಹುಡುಗಿಯನ್ನು ತಬ್ಬಿಕೊಂಡಳು. ನಾನು ಎದ್ದು ಏನೂ ಆಗಿಲ್ಲ, ಸುಮ್ಮನಿರಿ ಎಂದು ಗದರಿದೆ. ಅಷ್ಟು ಜನರಲ್ಲಿ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಸಂಜೆಯೊಳಗೆ ಹುಡುಗಿಯ ಬೀದಿಯಲ್ಲಿ ರೋದನ ಎದ್ದಿತ್ತು.

ಅಧ್ಯಕ್ಷರನ್ನು ಬೈಯಲೆಂದೇ ಹೊರಟವಳು ಅವರ ಬಾಗಿಲಿನವರೆಗೂ ಹೋಗಿ ಹಿಂದಿರುಗಿದೆ. ಯಾರನ್ನು ಬೈಯಲಿ? ಮಚ್ಚೆಯ ಮಾತು ಹೊರಗೆ ಹೋದಾಗ ನಾಲಗೆಗಳನ್ನು ಕಟ್ಟಿಹಾಕಿದ್ದೆ. ಕೈಯನ್ನು ಕಟ್ಟಿಹಾಕುವ ಕಟ್ಟಳೆ ನನಗೆ ತಿಳಿದಿರಲಿಲ್ಲ. ಈಗಲೂ ತಿಳಿಯದು.

ಸೋಮವಾರ ಶಾಲೆ ಮುಗಿಸಿ ಹುಡುಗಿಯ ಮನೆಗೆ ಹೋದೆ. ಅತ್ತೆ ನಡುಮನೆಯಲ್ಲಿ ಕೂದಲು ಕೆದರಿಕೊಂಡು ಕೂತಿದ್ದರು. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಹುಡುಗಿಯನ್ನು ಈಗಲಾದರೂ ಕಳಿಸಿ, ಕಾಲಿಗೆ ಬೀಳುತ್ತೇನೆ ಎಂದೂ ಹೇಳುವವಳಿದ್ದೆ. ಆಕೆ ನನ್ನನ್ನು ಕಂಡೊಡನೆ, “ನಿಮ್ಗೆಲ್ಲ ಮೊದ್ಲೇ ಗೊತ್ತಿತ್ತಂತೆ” ಎಂದರು. “ಹೆತ್ತೋಳು ನಾನು. ನನ್ ಮಗ ಬದುಕವ್ನೆ ಅನ್ಕಂಡು ಉಂಡಿವ್ನಿ, ನಕ್ಕಿವ್ನಿ. ಅವ್ನು ಬತ್ತಾನೆ ಅಂತ ಉಪ್ಪಿನಕಾಯಿ ಹಾಕ್ತಾ ಕೂತಿವ್ನಿ. ಅವ್ನ ಸಾವ್ನ ನನ್ನಿಂದ ಬಚ್ಚಿಡಾಕೆ ನೀವ್ಯಾರಮ್ಮ?”

ನಾನು ಬಾಯಿ ತೆರೆದೆ. ಸಮಾಜದ ಕಟ್ಟಳೆ ಎಂದು ಹೇಳಬೇಕೇ? ಅವನೇ ಹೆಂಡತಿಗೆ ಮಾತ್ರ ಹೇಳು ಅಂದಿದ್ದ ಎಂದು ಹೆತ್ತವಳ ಮುಖಕ್ಕೆ ಹೇಳಬೇಕೇ? ಹೊಸಿಲ ಹೊರಗೇ ಕೂತೆ.

“ಅವ್ಳು ನೋಡಿ, ಬಳೆ ಒಡೀವಾಗ್ಲೂ ಒಂದ್ ತೊಟ್ಟು ಕಣ್ಣೀರ್ ಹಾಕ್ಲಿಲ್ಲ. ಕಲ್ಲು, ಕಲ್ಲು” ಎಂದು ಆಕೆ ಕೋಣೆಯ ಮುಚ್ಚಿದ ಬಾಗಿಲಿನ ಕಡೆ ಕೈ ತೋರಿಸಿದರು.

ನನ್ನ ದನಿ ಕೇಳಿಸಿತೋ ಏನೋ, ಬಾಗಿಲ ಹಿಂದಿನಿಂದ ಅವಳು ಕರೆದಳು.

“ಅಕ್ಕಾ, ತುಮಕೂರಿನ ಮೋಟಾರು ಹೊಂಟೋಯ್ತಾ?”

“ಹೋಯಿತು ಕಣೇ” ಎಂದೆ.

 ಆಮೇಲೆ, “ಹಂಗಾರೆ ಇನ್ ಅಳ್ತೀನಿ ಬುಡಿ” ಎಂದಳು.

ಅವಳು ಅತ್ತಳು. ನಡುಮನೆಯಲ್ಲಿ ಅವಳ ಅತ್ತೆ, ಹೊಸಿಲ ಹೊರಗೆ ನಾನು, ಇಬ್ಬರೂ ಕೇಳುತ್ತ ಕೂತಿದ್ದೆವು.